ಗ್ರಹಣದ ದಿನ ತೊಳೆದ ಫ್ರಿಜ್

ಫ್ರಿಜ್ ತೊಳೆಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಮಂಡಿ ನೋವು, ಸೊಂಟ ನೋವು, ಬಗ್ಗಿದರೆ ಏಳಲಾಗದ ವಯಸ್ಸು, ಎಲ್ಲ ನಿಜ. ಕೆಲಸದ ಗೌರಿ "ಬಿಡಿ ಮೇಡಂ, ಈಗಿಂದೀಗ್ಲೇ ಪಳಪಳ ಅನ್ನಿಸ್ಬಿಡ್ತೀನಿ" ಎಂದು ಬಕೆಟ್ಟಿಗೆ ಕೈ ಹಾಕುತ್ತಾಳೆ. ನಾನು "ನೋ, ನೋ" ಎಂದು ಅಡ್ಡ ನಿಲ್ಲುತ್ತೇನೆ. ನೆಲ ಒರೆಸು, ಕಿಟಕಿ ಒರೆಸು, ಬೇಕಾದರೆ ನನ್ನ ಸೀರೆ ಬೀರುವನ್ನೇ ತಲೆಕೆಳಗು ಮಾಡು. ಫ್ರಿಜ್ ಮಾತ್ರ ಬೇಡ. "ಒಳಗಡೆ ಚಿನ್ನ ಗಿನ್ನ ಇಟ್ಟಿದ್ದೀರಾ ಹೆಂಗೆ?" ಎಂದು ಅವಳು ನಗುತ್ತಾಳೆ.

ಈಗ ಸ್ಟೂಲ್ ಹಾಕಿಕೊಂಡು ಅದರ ಮುಂದೆ ಕೂತಿದ್ದೇನೆ. ಚಿನ್ನ ಸಿಕ್ಕಿಲ್ಲ. ಸಿಕ್ಕಿದ್ದು, ಅರ್ಧ ಹಿಂಡಿ ಕಲ್ಲಾಗಿಹೋದ ನಿಂಬೆ ಹೋಳುಗಳು, ಒಂದು ಕಾಲಕ್ಕೆ ಸೊಪ್ಪಾಗಿದ್ದು ಈಗ ಕಷಾಯವಾಗಿರುವ ಕೊತ್ತಂಬರಿ ಕಟ್ಟು, ಯಾವಾಗಲೋ ಹೋಟೆಲಿನ ಊಟದ ಜೊತೆ ಬಂದು, ಬಿಸಾಡಲು ಮನಸ್ಸು ಬಾರದೆ ಸಂಸಾರ ಹೂಡಿರುವ ಕೆಚಪ್ ಪೊಟ್ಟಣಗಳು, ಮುಚ್ಚಳ ತೆಗೆಯಲು ನನಗೇ ಧೈರ್ಯವಿಲ್ಲದ ಒಂದು ಡಬ್ಬಿ.

ಕಾನ್ವೆಂಟಿನಲ್ಲಿ ನಮಗೆ ಡೊಮೆಸ್ಟಿಕ್ ಸೈನ್ಸ್ ಕಲಿಸುತ್ತಿದ್ದ ಐರಿಶ್ ಸಿಸ್ಟರ್ ಒಬ್ಬರಿದ್ದರು. "ಗರ್ಲ್ಸ್, ಶೋ ಮಿ ಯುವರ್ ಕಪ್‌ಬೋರ್ಡ್ಸ್, ಐ ಶಲ್ ಟೆಲ್ ಯು ಅಬೌಟ್ ಯುವರ್ ಸೋಲ್ಸ್" ಎನ್ನುತ್ತ ಬೆರಳನ್ನು ಷೆಲ್ಫಿನ ಮೂಲೆಗೆ ತಾಗಿಸಿ ಬೆಳಕಿಗೆ ಹಿಡಿಯುವರು. ನನ್ನ ಸೋಲ್ ಪ್ರತಿ ಸಲವೂ ಫೇಲು. ಆ ಸಿಸ್ಟರ್ ಮತ್ತು ನಮ್ಮ ಅತ್ತೆ ಒಂದು ಸಲ ಎದುರಾಗಿದ್ದರೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಪ್ರಾಣಸ್ನೇಹಿತೆಯರಾಗಿಬಿಡುತ್ತಿದ್ದರು ಎಂದು ಎಷ್ಟೋ ಬಾರಿ ಅನ್ನಿಸಿದೆ. ಇಬ್ಬರಿಗೂ ಕೊಳೆ ಎಂದರೆ ಬರೀ ಕಣ್ಣಿಗೆ ಕಾಣುವ ವಸ್ತುವಲ್ಲ.

ಅತ್ತೆಯ ಮಾತು ಬಂದರೆ ಕಾಡುಗೋಡಿಗೇ ಹೋಗಬೇಕು. ನಮ್ಮವರಿಗೆ ಆಗ ವೈಟ್‌ಫೀಲ್ಡ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ರೈಲ್ವೆ ಸ್ಟೇಷನ್ ಹತ್ತಿರವೆಂದು ಕಾಡುಗೋಡಿಯಲ್ಲಿ ಮನೆ ಹಿಡಿದಿದ್ದೆವು. ಕಂಟೋನ್‌ಮೆಂಟಿನಲ್ಲಿ ಬೆಳೆದ ನನಗೆ ಅದು ಭೂಪಟದ ಅಂಚು. ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಬಸ್ಸು. ಈಗ ಅಲ್ಲಿಗೆ ಮೆಟ್ರೋ ಬಂದು ನಿಲ್ಲುತ್ತದಂತೆ. ನಾನು ನೋಡಲು ಹೋಗಿಲ್ಲ. ಮನೆಯ ಯಜಮಾನರು ಊರಿನ ಹಳೆಯ ಒಕ್ಕಲು ಮನೆತನದವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಅಂಗಳ. ಅವರ ಮನೆಯಲ್ಲಿ ಕೆಮ್ಮಿದರೆ ನಮ್ಮ ಮನೆಯಲ್ಲಿ ಶುಂಠಿ ಜಜ್ಜುವಷ್ಟು ಹತ್ತಿರ.

ಫ್ರಿಜ್ ಬಂದದ್ದು ವೈಟ್‌ಫೀಲ್ಡಿನ ಕೆಂಪು ಹೆಂಚಿನ ಬಂಗಲೆಯೊಂದರಿಂದ. ಅಲ್ಲಿದ್ದ ಆಂಗ್ಲೋ-ಇಂಡಿಯನ್ ಅಜ್ಜಿ ಮಗನ ಸಂಸಾರದ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಬಾಳಿನ ಸಾಮಾನೆಲ್ಲ ವರಾಂಡದಲ್ಲಿ ಮಾರಾಟಕ್ಕೆ ನಿಂತಿತ್ತು. ನನ್ನ ಕಾನ್ವೆಂಟ್ ಇಂಗ್ಲಿಷ್ ಕೇಳಿ ಆಕೆಗೆ ಬಲು ಸಂತೋಷ. ದುಂಡು ಭುಜದ, ಬೆಣ್ಣೆ ಬಣ್ಣದ ಫ್ರಿಜ್ಜಿನ ನೆತ್ತಿ ಸವರಿ "ಬಿ ಕೈಂಡ್ ಟು ಹರ್, ಚೈಲ್ಡ್" ಎಂದು ಹೆಣ್ಣು ಒಪ್ಪಿಸುವಂತೆ ಒಪ್ಪಿಸಿದರು. ಯಜಮಾನರ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ, ಅದರ ದಿಬ್ಬಣ ನಮ್ಮ ಬೀದಿಗೆ ಬಂತು.

ಅತ್ತೆ ಗಾಡಿಯನ್ನು ಬಾಗಿಲಲ್ಲೇ ತಡೆದರು.

"ಅದರೊಳಗೆ ಅವರು ಏನೇನು ಇಡ್ತಿದ್ದರೋ!"

"ಹಾಲು, ಮೊಸರು ಅತ್ತೆ."

"ಹಾಲು ಮೊಸರು ತಿಂದೇ ಆಕೆ ಆ ಗಾತ್ರ ಆಗಿರೋದು ಅನ್ನು!"

ಫ್ರಿಜ್ ಒಳಗೆ ಬರುವ ಮೊದಲು ಅದಕ್ಕೆ ಹುಣಸೆಹಣ್ಣು, ಸೀಗೆಪುಡಿ, ಅರಿಶಿನ, ಕೊನೆಗೆ ಗಂಜಲದ ಪ್ರೋಕ್ಷಣೆ, ಎಲ್ಲ ಆಯಿತು. ಬಾಗಿಲು ತೆರೆದುಕೊಂಡು ಅಂಗಳದ ಬಿಸಿಲಿನಲ್ಲಿ ಅದು ಅವಮಾನದಿಂದ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಬಂದ ಮೇಲೆ ಅತ್ತೆಯ ಕಾನೂನು ಜಾರಿಯಾಯಿತು. ಮೇಲಿನ ತಟ್ಟೆ ಹಾಲು ಮೊಸರಿಗೆ. ನಡುವಿನದು ತರಕಾರಿಗೆ. ಅನ್ನ, ಸಾರು, ಮುಸುರೆಯ ಜಾತಿಯದೆಲ್ಲ ಕೆಳಗೆ, ನನ್ನ ಪಾಲಿಗೆ. ಬಾಗಿಲಿನ ಗೂಡುಗಳು ಊರವರಿಗೆ. ಬೀದಿಗೆಲ್ಲ ಒಂದೇ ಫ್ರಿಜ್ ಆದ್ದರಿಂದ ಯಾರದೋ ಮಲ್ಲಿಗೆ ದಂಡೆ, ಯಾರದೋ ಕಣ್ಣಿನ ಔಷಧಿ ಅಲ್ಲಿ ತಂಗುತ್ತಿದ್ದವು. ಎಲ್ಲಕ್ಕಿಂತ ಮೇಲಿನ ಐಸ್ ಬಾಕ್ಸ್ ಮಾತ್ರ ಪರಮ ಮಡಿ. "ಅಲ್ಲಿ ನೀರು ಬಿಟ್ಟು ಇನ್ನೇನೂ ಇಲ್ಲ. ಗಂಗೆಗೆ ಎಲ್ಲಿಯ ಮೈಲಿಗೆ?" ಎಂದು ತೀರ್ಪು ಕೊಟ್ಟರು. ಹಿಂದಿನ ಯಜಮಾನಿತಿ ಮಾಂಸ ಇಡುತ್ತಿದ್ದ ಜಾಗವೇ ಅದು ಎಂದು ನನಗೆ ಗೊತ್ತಿತ್ತು. ಸಂಸಾರದ ಶಾಂತಿ ದೊಡ್ಡದು, ಸುಮ್ಮನಿದ್ದೆ.

ಶನಿವಾರ ಶನಿವಾರ ಫ್ರಿಜ್ ಖಾಲಿ ಮಾಡಿ ತೊಳೆಯುವುದು ನನ್ನ ಕೆಲಸವಾಯಿತು. ಸಿಸ್ಟರ್ ನೋಡಿದ್ದರೆ ಈ ಸಲ ಪಾಸು ಮಾಡುತ್ತಿದ್ದರು.

ಹೀಗಿರುವಾಗ ಯಜಮಾನರ ಹೆಂಡತಿ ಮುನಿಲಕ್ಷ್ಮಿ ಒಂದು ದಿನ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ನನಗಿಂತ ಸ್ವಲ್ಪ ದೊಡ್ಡವಳು, ಆದರೂ ನನ್ನನ್ನು ಅಕ್ಕ ಎನ್ನುವಳು.

"ಅಕ್ಕಾ, ನಮ್ ಪದ್ಮಂಗೆ ಸಕ್ಕರೆ ಕಾಯ್ಲೆ ಅಂದವ್ರೆ ಆಸ್ಪತ್ರೇಲಿ. ಈ ವಯಸ್ಸಿಗೆ! ಬದುಕಿರೋಗಂಟ ದಿನಾ ಸೂಜಿ ಚುಚ್ಬೇಕಂತೆ. ಔಸ್ದಿ ತಣ್ಣಗಿರ್ಬೇಕಂತೆ. ನಿಮ್ ಪೆಟ್ಗೇಲಿ ಒಂಚೂರು ಜಾಗ ಕೊಡ್ತೀರಾ?"

ನಾನು ಅತ್ತೆಯ ಮುಖ ನೋಡಿದೆ. "ಔಷಧಕ್ಕೆ ಮೈಲಿಗೆ ಇಲ್ಲ. ಇಡು" ಎಂದರು. ಅದು ಇನ್ಸುಲಿನ್. ಆ ಕಾಲಕ್ಕೆ ಅದನ್ನು ದನದ್ದೋ ಹಂದಿಯದ್ದೋ ಹೊಟ್ಟೆಯೊಳಗಿನಿಂದ ತೆಗೆಯುತ್ತಿದ್ದರು. ಅದನ್ನೂ ನಾನು ಬಾಯಿ ಬಿಡಲಿಲ್ಲ. ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು ಎಂದು ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿತ್ತು. ಬಾಗಿಲಿನ ಮೇಲಿನ ಗೂಡಿನಲ್ಲಿಟ್ಟೆ. ಇಡುವವಳೂ ತೊಳೆಯುವವಳೂ ನಾನೇ ಆದ್ದರಿಂದ ಬೇರೆಯವರಿಗೆ ವಿವರಿಸುವ ಸಂದರ್ಭ ಬರಲಿಲ್ಲ.

ದಿನ ಬೆಳಗಾದರೆ ತಾಯಿ ಮಗಳು ನಮ್ಮ ಅಡುಗೆಮನೆಗೆ ಬರುವರು. ಗಾಜಿನ ಸಿರಿಂಜು ಕುದಿಸಿ, ಬಾಟಲಿಯನ್ನು ಅಂಗೈಯಲ್ಲಿ ಉರುಳಿಸಿ, ಮುನಿಲಕ್ಷ್ಮಿ ತಾನೇ ಸೂಜಿ ಹಾಕುವಳು. ಮಜ್ಜಿಗೆಯ ತಿಳಿಯಂಥ ಮಬ್ಬು ದ್ರವ. ಪದ್ಮ ಇನ್ನೂ ಲಂಗ ತೊಡುವ ಹುಡುಗಿ, ಕಡ್ಡಿಯಂಥ ತೋಳು, ಗಿಲಕಿಯಂಥ ಬಾಯಿ. ಸೂಜಿಗೆ ಅಳುತ್ತಿರಲಿಲ್ಲ, ಅತ್ತೆಯನ್ನು ರೇಗಿಸುವುದರಲ್ಲಿ ನೋವು ಮರೆಯುತ್ತಿದ್ದಳು.

"ಅಮ್ಮಾ, ಕಥೇಲಿ ರಾಕ್ಷಸನ ಪ್ರಾಣ ಏಳು ಸಮುದ್ರದ್ ಆಚೆ ಗಿಳೀಲಿ ಇತ್ತಂತೆ. ನಂದು ನೋಡಿ, ನಿಮ್ ಮನೆ ಫ್ರಿಜ್ಜಲ್ಲಿ."

"ಬಿಡ್ತು ಅನ್ನೇ! ಬೆಳಗಾಗೆದ್ದು ರಾಕ್ಷಸನ ಮಾತು."

"ಮುಟ್ಟಲಾ ನಿಮ್ಮನ್ನ? ಮುಟ್ಲಾ?"

"ಮುಟ್ಟು ನೋಡೋಣ. ಮತ್ತೆ ಸ್ನಾನಕ್ಕೆ ನೀರು ನೀನೇ ಸೇದಬೇಕು."

ಮುಟ್ಟುತ್ತಲೂ ಇರಲಿಲ್ಲ, ಅತ್ತೆ ಜಾಗ ಬಿಟ್ಟು ಏಳುತ್ತಲೂ ಇರಲಿಲ್ಲ. ಹಬ್ಬದಲ್ಲಿ ಸಿಹಿ ತಿನ್ನಬಾರದ ಹುಡುಗಿಗೆಂದು ಖಾರದ ಹುರಿಗಾಳು ಬೇರೆ ತೆಗೆದಿಡುತ್ತಿದ್ದರು. ತಮಗೆ ಮೊಮ್ಮಗಳು ಹುಟ್ಟಿದರೆ ಇವಳಂತೆ ಬಾಯಿಬಡುಕಿ ಆಗದಿರಲಿ ಎಂದು ನನ್ನ ಬಸುರನ್ನು ನೋಡಿ ಹೇಳುವರು. ಹೇಳುವಾಗ ನಗುವರು.

ಆಮೇಲೆ ಆ ದೊಡ್ಡ ಸೂರ್ಯಗ್ರಹಣ ಬಂತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು, ನಡುಹಗಲಿನಲ್ಲಿ ಊರಿಗೆ ಊರೇ ಕದ ಹಾಕಿಕೊಂಡ ದಿನ. ಒಂದು ವಾರ ಮೊದಲಿಂದ ಅತ್ತೆ ಬೀದಿಯ ಹೆಂಗಸರಿಗೆ ಪಾಠ ಹೇಳಿದ್ದರು. ಹೊರಗೆ ಬರಬೇಡಿ, ನೋಡಬೇಡಿ, ತುಂಬಿಟ್ಟ ನೀರು ಚೆಲ್ಲಿ, ಮಾಡಿಟ್ಟ ಅಡುಗೆ ಚೆಲ್ಲಿ, ಉಳಿಸಿಕೊಳ್ಳುವುದಕ್ಕೆ ದರ್ಭೆ ಹಾಕಿ. ದರ್ಭೆಯನ್ನು ತಾವೇ ಕಟ್ಟು ಮಾಡಿ ಮನೆಮನೆಗೆ ಹಂಚಿದರು. ಬಸುರಿಯಾದ ನನ್ನ ಮೇಲೆ ಎಲ್ಲಕ್ಕಿಂತ ಕಟ್ಟುನಿಟ್ಟು. ಬೆಳಿಗ್ಗೆಯೇ ನಡುಮನೆಯ ಕೋಣೆಗೆ ಸೇರಿಸಿ, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದರು. ಕತ್ತರಿಸಬಾರದು, ಮಡಿಸಬಾರದು, ಮೈ ಕೆರೆದುಕೊಳ್ಳಲೂ ಬಾರದು. ಕೆರೆದುಕೊಳ್ಳಬಾರದು ಎಂದ ಕೂಡಲೇ ಮೈಯೆಲ್ಲ ತುರಿಸತೊಡಗಿತು.

ಅದು ಶನಿವಾರ. ನನ್ನ ಕೆಲಸ ಅತ್ತೆಯ ಕೈಗೆ ಹೋಯಿತು. ಕತ್ತಲಲ್ಲಿ ಕೂತು ಕೇಳಿಸಿಕೊಂಡೆ, ಪಾತ್ರೆ ತೆಗೆಯುವ ಸದ್ದು, ಸಾರು ಚೆಲ್ಲುವ ಸದ್ದು, ಫ್ರಿಜ್ಜಿನ ಬಾಗಿಲು ಹಾಕಿ ತೆಗೆಯುವ ಸದ್ದು.

"ಅತ್ತೆ, ಪದ್ಮನ ಬಾಟಲಿ ಚೆಲ್ಲಬೇಡಿ!" ಎಂದು ಒಳಗಿನಿಂದ ಕೂಗಿದೆ.

"ಅಷ್ಟು ತಿಳಿಯಲ್ವಾ ನಂಗೆ? ಭದ್ರವಾಗಿ ಇಟ್ಟಿದ್ದೀನಿ. ನೀನು ಸುಮ್ನೆ ದೇವರ ಸ್ಮರಣೆ ಮಾಡು."

ಹಗಲು ಮಬ್ಬಾಯಿತು. ಕಾಗೆಗಳು ಹುಣಸೆಮರಕ್ಕೆ ಮರಳುವ ಗಲಾಟೆ ಕೇಳಿಸಿತು. ಅಂಗಳದ ಆಚೆ ಪದ್ಮನ ಅಜ್ಜಿ ಅಕ್ಕಯಮ್ಮ ಕೂಗಾಡಿದ್ದೂ ಕೇಳಿಸಿತು. ಶಾಲೆಯಲ್ಲಿ ಯಾರೋ ಹೇಳಿಕೊಟ್ಟರೆಂದು ಪದ್ಮ ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ಕಣ್ಣಿಗೆ ಅಡ್ಡ ಹಿಡಿದು ಹಿತ್ತಲಿನಿಂದ ಸೂರ್ಯನನ್ನು ನೋಡಿದ್ದಳು. ತಾಯಿಯನ್ನು ಕಾಡಿ ಬೇಡಿ ಒಪ್ಪಿಸಿಕೊಂಡಿದ್ದಳಂತೆ. "ಯಾರೋ ಕಡಿದ ದೋಸೆ ಇದ್ದಂಗಿತ್ತು ಅಕ್ಕ, ಅಷ್ಟೇ" ಎಂದು ಮಾರನೆಯ ಬೆಳಿಗ್ಗೆ ನನಗೆ ವರದಿ ಒಪ್ಪಿಸಿದಳು. ತಾಯಿ ಎಂದಿನಂತೆ ಬಾಗಿಲಿನ ಗೂಡಿನಿಂದ ಬಾಟಲಿ ತೆಗೆದಳು, ಎಂದಿನಂತೆ ಉರುಳಿಸಿದಳು, ಸೂಜಿ ಹಾಕಿದಳು.

ಆ ವಾರ ಪದ್ಮನಿಗೆ ವಿಪರೀತ ಬಾಯಾರಿಕೆ. ಸೂಜಿಗೆಂದು ಬಂದವಳು ಲೋಟದ ಮೇಲೆ ಲೋಟ ನೀರು ಕುಡಿಯುವಳು. "ಅಮ್ಮಾ, ಇನ್ನೊಂದ್ ಲೋಟ." ಅತ್ತೆ ತಮ್ಮ ಮಡಿಯ ತಾಮ್ರದ ಬಿಂದಿಗೆಯಿಂದಲೇ ಎತ್ತಿ ಹೊಯ್ದರು. ರೇಗಿಸುವ ಮಾತು ನಿಂತುಹೋಯಿತು. ಆಮೇಲೆ ವಾಂತಿ, ಆಮೇಲೆ ಓಡಿ ಬಂದವಳ ಹಾಗೆ ಉಸಿರು. ನಮ್ಮವರು ಕಾರ್ಖಾನೆಯ ವ್ಯಾನು ಕೇಳಿ ತಂದು, ಮಗುವನ್ನೂ ತಾಯಿ ತಂದೆಯನ್ನೂ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಔಷಧಿ ನೋಡಬಹುದೆಂದು ಬಾಟಲಿಯನ್ನೂ ಜೇಬಿನಲ್ಲಿಟ್ಟುಕೊಂಡಿದ್ದರು.

ಮಧ್ಯಾಹ್ನ ಅವರೊಬ್ಬರೇ ವಾಪಸು ಬಂದರು. ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದರು. ಅವರಿಗೆ ತಿಳಿಯಬಾರದೆಂದು ನಮ್ಮವರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರಂತೆ. ಗಾಜಿನ ಒಳಮೈಗೆ ಮಂಜು ಹಿಡಿದ ಹಾಗೆ ಚೂರುಗಳು ಅಂಟಿದ್ದವು. "ಇಟ್ ವಾಸ್ ಫ್ರೋಜನ್ ಒನ್ಸ್" ಎಂದರು. ಆಮೇಲೆ ಕರಗಿದೆಯಂತೆ. ಅವತ್ತಿನಿಂದ ಆ ಮಗುವಿಗೆ ಚುಚ್ಚಿದ್ದು ನೀರಿಗೆ ಸಮವಂತೆ. ಹೊಸ ಔಷಧಿ ಶುರು ಮಾಡಿದ್ದರಂತೆ. "ಬಟ್ ದೇ ಆರ್ ನಾಟ್ ಹೋಪ್‌ಫುಲ್."

"ಏನಂತೆ?" ಎಂದರು ಅತ್ತೆ.

"ಏನಿಲ್ಲ ಬಿಡಮ್ಮ."

"ಏನಿಲ್ಲದ್ದಕ್ಕೆ ಇಂಗ್ಲಿಷ್ ಯಾಕೋ? ಕನ್ನಡದಲ್ಲಿ ಹೇಳು."

ಅವರು ಹೇಳಲಿಲ್ಲ. ನಾನು ಹೇಳಿದೆ. ಅತ್ತೆ ಕೈಯಲ್ಲಿದ್ದ ಹುರುಳಿಕಾಯನ್ನು ಮೊರದಲ್ಲಿಟ್ಟು, ನಾರನ್ನು ಬೆರಳಿನಿಂದ ಬಿಡಿಸಿಕೊಳ್ಳುತ್ತ ಕೂತರು.

"ನಾನೇ ಇಟ್ಟೆ. ಗ್ರಹಣ ಬಿಡೋವರೆಗೂ ಐಸ್ ಬಾಕ್ಸಿನಲ್ಲಿ. ಮೇಲೆ ದರ್ಭೆ ಹಾಕಿ. ಬಿಟ್ಟ ಮೇಲೆ ಸ್ನಾನ ಮಾಡಿ, ತಟ್ಟೆಯೆಲ್ಲ ತೊಳೆದು, ಬಾಗಿಲ ಗೂಡಿಗೆ ವಾಪಸು ಇಟ್ಟೆ." ಮಗನನ್ನು ನೋಡಿ, "ಅದಕ್ಕಿಂತ ಶುದ್ಧವಾದ ಜಾಗ ಈ ಮನೇಲಿ ಇಲ್ಲ ಕಣೋ" ಎಂದರು.

ಮಾರನೆಯ ದಿನ ಪದ್ಮ ಹೋದಳು.

ಮಣ್ಣು ಮಾಡಿ ಬಂದ ಸಂಜೆಯಿಂದಲೇ ಅಂಗಳದ ಆಚೆಯ ಮಾತು ಶುರುವಾಯಿತು. ಅಕ್ಕಯಮ್ಮ ದನಿ ಎತ್ತಿ, ಎದೆ ಬಡಿದುಕೊಂಡು ಹೇಳುತ್ತಿದ್ದಳು: "ಬ್ಯಾಡ ಬ್ಯಾಡ ಅಂದ್ರೂ ಸೂರ್ಯನ್ನ ನೋಡಕ್ ಬಿಟ್ಳು. ಹೆತ್ತೋಳೇ ಎತ್ತಿ ಗ್ರಾಣಕ್ಕೆ ಕೊಟ್ಬಿಟ್ಳು ಮಗೀನ!" ಬಂದವರೆಲ್ಲ ಅದನ್ನೇ ಕೇಳಿದರು, ಅದನ್ನೇ ಆಡಿದರು. ಯಜಮಾನರು ಹೆಂಡತಿಯ ಕೈಯ ಊಟ ಬಿಟ್ಟು ತಾಯಿ ಬಡಿಸಿದ್ದನ್ನು ಮಾತ್ರ ಉಂಡರು. ಮುನಿಲಕ್ಷ್ಮಿ ಗೋಡೆಗೆ ಒರಗಿ ಕೂತಿದ್ದಳು. ಮಗಳನ್ನು ತಾನೇ ಕೊಂದೆ ಎಂದು ಅವಳೂ ನಂಬಿಬಿಟ್ಟಿದ್ದಳು.

ನಮ್ಮವರು ಅತ್ತೆಯ ಬಳಿ ಕೂತು ಮೆಲ್ಲಗೆ ಹೇಳಿದರು. "ಅಮ್ಮ, ಏನೂ ಹೇಳೋಕೆ ಹೋಗಬೇಡ. ಹೋದ ಮಗು ಬರಲ್ಲ. ಇವಳು ತುಂಬಿದ ಬಸುರಿ. ನಾಳೆ ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು?"

ಹಾಲು ತುಪ್ಪ ಬಿಟ್ಟು ನೆಂಟರೆಲ್ಲ ಅಂಗಳದಲ್ಲಿ ಸೇರಿದ್ದ ಹೊತ್ತಿಗೆ, ಮಡಿಸೀರೆ ಉಟ್ಟಿದ್ದ ಅತ್ತೆ ಹೊಸಿಲು ದಾಟಿ ನೇರ ಜನರ ನಡುವೆ ಹೋದರು. ಯಾರು ಮುಟ್ಟಿದರು, ಯಾರು ಬಿಟ್ಟರು ನೋಡಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಹಿಂದೆ ಹೋದೆ.

"ಗ್ರಹಣ ಏನೂ ಮಾಡಲಿಲ್ಲ. ಲಕ್ಷ್ಮಿಯೂ ಏನೂ ಮಾಡಲಿಲ್ಲ. ಔಷಧೀನ ಐಸಿನಲ್ಲಿಟ್ಟು ಕೆಡಿಸಿದ್ದು ನಾನು. ಮಗು ಹೋಗಿದ್ದು ನನ್ನ ಕೈಯಿಂದ."

ಅಕ್ಕಯಮ್ಮ ತಲೆ ಅಲ್ಲಾಡಿಸಿದಳು. "ಎಲ್ಲಾರ ಉಂಟಾ ಅಮ್ನೋರೆ? ತಣ್ಣಗಿರ್ಲಿ ಅಂತ್ಲೇ ನಿಮ್ಮನೇಲಿ ಮಡಗಿದ್ದು. ಇನ್ನೂ ತಣ್ಣಗಾದ್ರೆ ಕೆಟ್ಟೋಯ್ತದಾ? ಗ್ರಾಣಕ್ಕೆ ಒಳಗಿರಿ ಒಳಗಿರಿ ಅಂತ ಬೀದಿಗೆಲ್ಲ ಸಾರಿದೋರು ನೀವೇ. ಇವಳ ಬೆನ್ ಕಾಯಕ್ಕೆ ಈಗ ಇಂಗಂತೀರ. ದೊಡ್ಡೋರು, ದೊಡ್ ಮಾತು. ಬುಡಿ."

ನೆಂಟರು ಹೌದು ಹೌದು ಎಂದರು. ಒಬ್ಬಾಕೆ ಅತ್ತೆಗೆ ಕೈ ಕೂಡ ಮುಗಿದಳು. ಬದುಕಿಡೀ ಗ್ರಹಣಕ್ಕೆ ಹೆದರಿ, ಊರನ್ನೂ ಹೆದರಿಸಿದ ಹೆಂಗಸು ಈಗ ಗ್ರಹಣದ ಮೇಲೆ ತಪ್ಪಿಲ್ಲ ಎಂದು ಸಾಕ್ಷಿ ಹೇಳುತ್ತಿದ್ದಳು. ಅತ್ತೆಯ ಹಳೆಯ ಮಾತೇ ಅವರನ್ನು ಸುಳ್ಳು ಮಾಡಿತು.

ನಂಬಿದವಳು ಒಬ್ಬಳೇ. ಮುನಿಲಕ್ಷ್ಮಿ ಗೋಡೆ ಬಿಟ್ಟು ಎದ್ದು ಬಂದು ಅತ್ತೆಯ ಎದುರು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ.

"ಅಂಗಾರೆ ಅವಳು ಸೂರ್ಯನ್ನ ನೋಡಿದ್ದಕ್ಕಲ್ಲ?"

"ಅಲ್ಲ."

"ನಾ ಬಿಟ್ಟಿದ್ದಕ್ಕಲ್ಲ?"

"ಅಲ್ಲ ಕಣಮ್ಮ."

"ಇನ್ನೊಂದ್ಸಲ ಯೋಳಿ. ನಮ್ಮತ್ತೆಗೆ ಕೇಳಂಗೆ, ಇವರಪ್ಪಂಗೆ ಕೇಳಂಗೆ ಯೋಳಿ."

ಅತ್ತೆ ಇನ್ನೊಂದು ಸಲ ಹೇಳಿದರು, ಗಟ್ಟಿಯಾಗಿ.

ನಮ್ಮನ್ನು ಮನೆ ಬಿಡಿ ಎನ್ನಲಿಲ್ಲ. ಅದಕ್ಕಿಂತ ಬೇರೆಯದೊಂದು ಶುರುವಾಯಿತು. ದುಃಖ ಕೇಳಲು ಯಾರು ಬಂದರೂ, ಗ್ರಹಣದ ಮಾತು ಎತ್ತಿದರೂ, ಮುನಿಲಕ್ಷ್ಮಿ ನಮ್ಮ ಬಾಗಿಲಿಗೆ ಬಂದು ನಿಲ್ಲುವಳು. "ಅಮ್ಮಾ, ಮಾಲೂರಿಂದ ನಮ್ಮ ಚಿಕ್ಕಪ್ಪ ಬಂದವ್ರೆ. ಬಂದು ಯೋಳ್ಬುಟ್ಟು ಓಗಿ." ಅತ್ತೆ ಪೂಜೆಯಲ್ಲಿದ್ದರೆ ಹೂವು ಅಲ್ಲೇ ಬಿಟ್ಟು, ಊಟದಲ್ಲಿದ್ದರೆ ಕೈ ತೊಳೆದು ಹೋಗುವರು. ಹೊಸಬರ ಎದುರು ನಿಂತು ಅದೇ ಮಾತು. "ಕೆಡಿಸಿದ್ದು ನಾನು." ಕೆಲವರು ನಂಬಿದರು, ಕೆಲವರು ಬೈದರು, ಒಬ್ಬ ಮುದುಕ ಮುಖದ ಮೇಲೆ ಉಗಿಯುವಂತೆ ಪಕ್ಕಕ್ಕೆ ಉಗಿದನಂತೆ. ಅತ್ತೆ ತಿರುಗಿ ಬಂದು ತಲೆಗೆ ನೀರು ಹಾಕಿಕೊಂಡು ಮತ್ತೆ ದೇವರ ಮುಂದೆ ಕೂರುವರು. ಮುಂದೆ ಬಂದ ಗ್ರಹಣಗಳಿಗೂ ಅವರು ಸ್ನಾನ ಬಿಡಲಿಲ್ಲ, ಜಪ ಬಿಡಲಿಲ್ಲ. ಗ್ರಹಣವನ್ನು ಅವರು ಬಿಟ್ಟುಕೊಟ್ಟಿದ್ದು ಆ ಅಂಗಳದಲ್ಲಿ ಮಾತ್ರ.

ಸಾಕು ಅತ್ತೆ, ಎಷ್ಟು ಸಲ ಹೇಳುತ್ತೀರಿ ಎಂದರೆ, "ಅವಳಿಗೆ ಬೇಕಾದಷ್ಟು ಸಲ" ಎನ್ನುವರು. ಯಜಮಾನರು ನಿಧಾನಕ್ಕೆ ಹೆಂಡತಿಯ ಕೈಯ ಊಟಕ್ಕೆ ಮರಳಿದರು. ಅಕ್ಕಯಮ್ಮನ ದನಿ ಇಳಿಯಿತು. ಬೇಸಿಗೆಯಲ್ಲಿ ನನಗೆ ಹೆಣ್ಣು ಹುಟ್ಟಿತು. ಬಾಣಂತಿ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ, ಅತ್ತೆ ಮೊಮ್ಮಗಳನ್ನು ತೊಡೆಯಿಂದ ಇಳಿಸಿ, ಸೆರಗು ಸರಿಮಾಡಿಕೊಂಡು, ಕರೆಗೆ ಎದ್ದು ಹೋಗುವುದನ್ನು. ಮುನಿಲಕ್ಷ್ಮಿ ನನ್ನ ಮಗುವನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ನಾನೂ ಚಾಚಿ ಕೊಡುವ ಧೈರ್ಯ ಮಾಡಲಿಲ್ಲ.

ಅವರೇಕಾಯಿ ಕಾಲ ಬಂತು. ಹೊಸಕೋಟೆ ಕಡೆಯ ನೆಂಟರ ಹಿಂಡೇ ಒಂದು ದಿನ ಅವರ ಮನೆಗೆ ಬಂದಿಳಿಯಿತು, ಪದ್ಮ ಹೋದ ಮೇಲೆ ಮೊದಲ ಬಾರಿಗೆ ಬಂದವರು. ಅತ್ತೆ ಒಗೆದ ಸೀರೆ ಉಟ್ಟು ಬಾಗಿಲ ಬಳಿ ಸಿದ್ಧವಾಗಿ ಕೂತರು. ಊಟವಾಯಿತು, ನಗು ಕೇಳಿಸಿತು, ಎಲೆ ಅಡಿಕೆ ಆಯಿತು, ಗಾಡಿ ಹೊರಟೇಹೋಯಿತು. ಮುನಿಲಕ್ಷ್ಮಿ ಕರೆಯಲು ಬರಲಿಲ್ಲ. ಅತ್ತೆ ತಾವಾಗಿಯೇ ಅಂಗಳ ದಾಟಿದರು.

ಅವಳು ಜಗಲಿಯಲ್ಲಿ ಒಬ್ಬಳೇ ಅವರೇಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇವತ್ತು ಕರೀಲಿಲ್ವಲ್ಲ ಲಕ್ಷ್ಮೀ?"

"ಬ್ಯಾಡಿತ್ತು ಅಮ್ಮ. ಉಂಡ್ರು. ದ್ರಾಕ್ಷಿ ಫಸಲಿನ್ ಮಾತಾಡಿದ್ರು. ಅವರ ಹುಡುಗನ ಮದ್ವೆ ಮಾತಾಡಿದ್ರು. ಎದ್ದೋದ್ರು." ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು. "ಪದ್ಮನ್ನ ಯಾರೂ ಕೇಳ್ಲೇ ಇಲ್ಲ."

ಅತ್ತೆ ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ಕೂತ ಮೇಲೆ ಇಬ್ಬರೂ ಮಾತಾಡಿದ್ದು ನಮ್ಮ ಬಾಗಿಲಲ್ಲಿದ್ದ ನನಗೆ ಕೇಳಿಸಲಿಲ್ಲ. ಮಾತಾಡಿದರೋ ಇಲ್ಲವೋ ಅದೂ ಗೊತ್ತಿಲ್ಲ. ಆಮೇಲೆ ಅತ್ತೆಯನ್ನು ಯಾರೂ ಕರೆಯಲಿಲ್ಲ.